‘ಮತ್ತೆ?’ ಅಂದ ಮೇಲೆ ಏನು ಮಾತಾಡಲಿ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ದಾವಣಗೆರೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮದುವೆಯಾಗಿ ಎರಡು ವರ್ಷ. ಹೆಂಡತಿಯ ತವರು ಸಾಗರದ ಹತ್ತಿರ, ಅಡಿಕೆ ತೋಟದ ಮನೆ. ಅಲ್ಲಿಗೆ ಹೋದಾಗೆಲ್ಲ ಒಂದೇ ಕಷ್ಟ. ಊಟ ಮುಗಿದ ಮೇಲೆ ಹೆಂಡತಿ, ಅತ್ತೆ ಒಳಗೆ ಹೋಗುತ್ತಾರೆ. ಜಗಲಿಯಲ್ಲಿ ನಾನು, ಮಾವ ಇಬ್ಬರೇ. ‘ದಾರಿ ಹೆಂಗಿತ್ತು?’ ಅನ್ನುತ್ತಾರೆ. ‘ಚೆನ್ನಾಗಿತ್ತು ಮಾವ’ ಅನ್ನುತ್ತೇನೆ. ಆಮೇಲೆ ಅವರು ಎಲೆ ಅಡಿಕೆ ತಟ್ಟೆ ಎಳೆದುಕೊಂಡು ಕೂತುಬಿಡುತ್ತಾರೆ. ನಾನು ಹಾಕುವುದಿಲ್ಲ ಅಂತ ಗೊತ್ತಿದ್ದರೂ ಒಂದು ಸಲ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾರೆ. ಅಷ್ಟೇ. ಐದು ನಿಮಿಷ, ಹತ್ತು ನಿಮಿಷ ಒಂದು ಮಾತಿಲ್ಲ. ಗಡಿಯಾರದ ಸದ್ದು ಕೇಳಿಸುತ್ತದೆ. ನನಗೆ ಬೆವರು ಬರುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ನಾಲ್ಕು ಜನವೂ ಒಟ್ಟಿಗೆ ಮಾತಾಡುತ್ತೇವೆ. ಹಾಗಾಗಿ ತಡೆಯಲಾರದೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ. ಹೋದ ಸಲ ‘ಈ ವರ್ಷ ಎಷ್ಟು ಕ್ವಿಂಟಲ್ ಆಯ್ತು ಮಾವ?’ ಅಂದುಬಿಟ್ಟೆ. ಎಲೆಚುಕ್ಕಿ ರೋಗ ಬಂದು ಅರ್ಧ ಫಸಲು ಹೋಗಿತ್ತಂತೆ. ‘ಹೂಂ, ಆಯ್ತು ಸುಮಾರಾಗಿ’ ಅಂದು ಎದ್ದು ಹೋದರು. ರಾತ್ರಿ ಹೆಂಡತಿ ಬೈದಳು. ಆಫೀಸಿನಲ್ಲಿ ಮ್ಯಾನೇಜರ್ ಜೊತೆ ಟೀಗೆ ಹೋಗಬೇಕಾದಾಗಲೂ ಹೀಗೇ. ನನಗೆ ಮಾತಾಡಲು ಬರುವುದಿಲ್ಲವೇ? ಮಾವನಿಗೆ ನಾನು ಇಷ್ಟವಿಲ್ಲವೇ? ಇಂಥ ಹೊತ್ತಿಗೆ ಆಡಬಹುದಾದ ವಿಷಯಗಳ ಪಟ್ಟಿ ಇದ್ದರೆ ಕೊಡಿ.

ಉತ್ತರ: ಪಟ್ಟಿ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ‘ಎಷ್ಟು ಕ್ವಿಂಟಲ್’ ಅನ್ನುವುದೂ ನಿಮ್ಮ ತಲೆಯೊಳಗಿನ ಪಟ್ಟಿಯಿಂದಲೇ ಬಂದದ್ದು, ಅಲ್ವಾ? ಅಡಿಕೆ ಬೆಳೆಗಾರರ ಹತ್ತಿರ ಅಡಿಕೆ ಮಾತಾಡೋಣ ಅಂತ ಲೆಕ್ಕ ಹಾಕಿದಿರಿ. ಲೆಕ್ಕ ತಪ್ಪಿರಲಿಲ್ಲ. ಆದರೂ ಮಾತು ಕೆಟ್ಟಿತು.

ನೀವು ಕೇಳಿರುವ ಮೂರು ಪ್ರಶ್ನೆಗಳಲ್ಲಿ ನಿಜವಾಗಿ ಕಾಡುತ್ತಿರುವುದು ನಡುವಿನದು ಅಂತ ನನಗನ್ನಿಸುತ್ತದೆ. ಮಾವನಿಗೆ ನಾನು ಇಷ್ಟವಿಲ್ಲವೇ? ಆ ಹತ್ತು ನಿಮಿಷ ಗಡಿಯಾರದ ಜೊತೆ ಇದೂ ಟಿಕ್ ಟಿಕ್ ಅನ್ನುತ್ತಿರುತ್ತದೆ. ಅದಕ್ಕೇ ಬರೋಣ. ಮೊದಲು ಬೆವರಿನ ವಿಷಯ.

ಮಾತು ನಿಂತಾಗ ಮೈ ಗಾಬರಿಯಾಗುವುದು ನಿಮ್ಮೊಬ್ಬರ ದೋಷ ಅಲ್ಲ. ಮಾತಿಗೆ ಒಂದು ತಾಳ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ದಿನನಿತ್ಯದ ಮಾತುಕತೆ ರೆಕಾರ್ಡ್ ಮಾಡಿ ಅಳೆದಿದ್ದರು. ಹೌದು, ಇಲ್ಲ ಅನ್ನಬಹುದಾದ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಜಪಾನಿಯಲ್ಲಿ ಎಲ್ಲಕ್ಕಿಂತ ಕಡಿಮೆ, ಡ್ಯಾನಿಷ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ಆ ಜಾಸ್ತಿಯೂ ಅರ್ಧ ಸೆಕೆಂಡಿನ ಒಳಗೇ. (ಆ ಹತ್ತರಲ್ಲಿ ಕನ್ನಡ ಇಲ್ಲ. ಯಾರಾದರೂ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅಳೆಯಬೇಕು ಅಂತ ನನಗೆ ಆಸೆ.) ಒಂದು ಪದವನ್ನು ಯೋಚಿಸಿ ಬಾಯಿಗೆ ತರುವುದಕ್ಕೇ 600 ಮಿಲಿಸೆಕೆಂಡ್ ಹತ್ತಿರ ಬೇಕು. ಹಾಗಾದರೆ ಇಷ್ಟು ಬೇಗ ಉತ್ತರ ಹೇಗೆ ಬರುತ್ತದೆ? ಎದುರಿನವರು ಮುಗಿಸುವ ಮೊದಲೇ ನಾವು ಉತ್ತರ ಕಟ್ಟಿಕೊಂಡು ಕಾಯುತ್ತಿರುತ್ತೇವೆ. ಇಷ್ಟು ಬಿಗಿಯಾದ ತಾಳ ತಪ್ಪಿದರೆ ಮೈಗೆ ಗೊತ್ತಾಗದೆ ಇರುತ್ತದೆಯೇ?

2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಕೆಲವರು ಕೂತು ಮಾತಾಡುವ ವಿಡಿಯೊ ತೋರಿಸಿ, ಅದರೊಳಗೆ ನೀವೂ ಇದ್ದೀರಿ ಅಂದುಕೊಳ್ಳಿ ಅಂದರು. ಒಂದು ವಿಡಿಯೊದಲ್ಲಿ ಮಾತು ಸರಾಗವಾಗಿ ಸಾಗುತ್ತದೆ. ಇನ್ನೊಂದರಲ್ಲಿ ಒಂದು ಮಾತಿನ ನಂತರ ನಾಲ್ಕೇ ನಾಲ್ಕು ಸೆಕೆಂಡ್ ಎಲ್ಲರೂ ಸುಮ್ಮನಾಗುತ್ತಾರೆ. ಆ ಎರಡನೆಯದನ್ನು ನೋಡಿದವರಿಗೆ ತಮ್ಮನ್ನು ಯಾರೋ ಹೊರಗಿಟ್ಟ ಹಾಗೆ ಅನ್ನಿಸಿತು. ನಾಲ್ಕು ಸೆಕೆಂಡಿಗೆ ಹೀಗಾದರೆ ನಿಮ್ಮ ಹತ್ತು ನಿಮಿಷ ಯಾವ ಲೆಕ್ಕ!

ಆದರೆ ಇದರ ಇನ್ನೊಂದು ಮುಖ ನೋಡಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಅಪರಿಚಿತರ ಮಾತುಕತೆಯನ್ನೂ ಸ್ನೇಹಿತರ ಮಾತುಕತೆಯನ್ನೂ ಪಕ್ಕದಲ್ಲಿಟ್ಟು ನೋಡಿದರು. ಅದು 2023ರಲ್ಲಿ ಪ್ರಕಟವಾಯಿತು. ಎರಡು ಸೆಕೆಂಡಿಗಿಂತ ಉದ್ದದ ಮೌನ ಬಂದಾಗ ಅಪರಿಚಿತರಿಗೆ ಮುಜುಗರ. ಸ್ನೇಹಿತರಿಗೆ ಹಾಗಾಗಲಿಲ್ಲ. ಅವರಲ್ಲಿ ಅಂಥ ಬಿಡುವು ಹತ್ತಿರವಾದ ಗಳಿಗೆಗಳಲ್ಲೇ ಬರುತ್ತಿತ್ತು. ಮೌನ ಅದೇ, ಓದುವ ರೀತಿ ಬೇರೆ.

ನೀವು, ನಿಮ್ಮ ಮಾವ ಅಪರಿಚಿತರೂ ಅಲ್ಲ, ಸ್ನೇಹಿತರೂ ಅಲ್ಲ. ಅಳಿಯ ಅಂದರೆ ಮಗ ಇದ್ದ ಹಾಗೆ ಅಂತ ಬಾಯಿಮಾತಿಗೆ ಅನ್ನುತ್ತಾರೆ. ಮಗನಿಗೆ ಬೈದ ಹಾಗೆ ಬೈಯಲಾಗುತ್ತದೆಯೇ? ‘ಏಯ್, ಆ ಪೈಪ್ ಎತ್ತಿಡು’ ಅನ್ನಲಾಗುತ್ತದೆಯೇ? ಅವರಿಗೂ ಅಲ್ಲೊಂದು ಬಿಗುಮಾನ ಇದೆ. ನೀವು ಬೆವರುತ್ತಿರುವಾಗ ಅವರು ಎಲೆಯ ನಾರು ತೆಗೆಯುತ್ತಿರುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ನನ್ನ ಮುಖ್ಯ ಮಾತು. ಮೌನಗಳೆಲ್ಲ ಒಂದೇ ಅಲ್ಲ. ಒಂದು, ಪ್ರಶ್ನೆಯ ನಂತರದ ಮೌನ. ಯಾರೋ ಏನೋ ಕೇಳಿದ್ದಾರೆ, ಉತ್ತರ ಬಾಕಿ ಇದೆ. ಇನ್ನೊಂದು, ಬಾಕಿಯೇ ಇಲ್ಲದ ಮೌನ. ಕೇಳಿದ್ದು ಮುಗಿದಿದೆ, ಹೇಳಿದ್ದು ಮುಗಿದಿದೆ, ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ನೀವು ಅಕೌಂಟ್ಸ್‌ನವರು, ಈ ಭಾಷೆ ನಿಮಗೆ ಚೆನ್ನಾಗಿ ಗೊತ್ತು.

ಮೊದಲನೆಯದರಲ್ಲಿ ಅರ್ಥ ಹುಡುಕಬಹುದು. ‘ಮೌನಂ ಸಮ್ಮತಿ ಲಕ್ಷಣಂ’ ಅನ್ನುತ್ತೇವಲ್ಲ, ದಿನನಿತ್ಯದ ಮಾತಿನಲ್ಲಿ ಅದು ಬಹಳ ಸಲ ತಿರುಗಾಮುರುಗಾ. ‘ಭಾನುವಾರ ಬರ್ತೀರಾ?’ ಅಂತ ಕೇಳಿ ನೋಡಿ. ಬರುವವರು ತಕ್ಷಣ ‘ಹೂಂ’ ಅನ್ನುತ್ತಾರೆ. ಬರದವರು ಸ್ವಲ್ಪ ತಡೆದು, ‘ಭಾನುವಾರಾನಾ...’ ಅಂತ ಎಳೆದು, ಆಮೇಲೆ ‘ನೋಡೋಣ’ ಅನ್ನುತ್ತಾರೆ. ರೆಕಾರ್ಡ್ ಮಾಡಿದ ಮಾತುಕತೆಗಳನ್ನು ಅಳೆದವರಿಗೂ ಇದೇ ಸಿಕ್ಕಿದೆ. ಒಪ್ಪಿಗೆಗೆ ಅವಸರ, ನಿರಾಕರಣೆಗೆ ನಿಧಾನ.

ಜಗಲಿಯ ಮೌನ ಎರಡನೆಯ ಜಾತಿಯದು. ಅಲ್ಲಿ ಯಾವ ಪ್ರಶ್ನೆಯೂ ಬಾಕಿ ಇಲ್ಲ. ಆದರೆ ನೀವು ಅದನ್ನು ಮೊದಲನೆಯದರ ಹಾಗೆ ಓದುತ್ತಿದ್ದೀರಿ. ‘ನಾನು ಇಷ್ಟವೇ?’ ಅಂತ ಮನಸ್ಸಿನಲ್ಲೇ ಕೇಳಿ, ಅವರ ಮೌನವನ್ನು ಅದಕ್ಕೆ ಉತ್ತರ ಅಂತ ಬರೆದುಕೊಳ್ಳುತ್ತಿದ್ದೀರಿ. ಅವರಿಗೆ ಆ ಪ್ರಶ್ನೆ ಕೇಳಿಸಿಯೇ ಇಲ್ಲ.

ಇಂಥ ಅಂದಾಜಿನಲ್ಲಿ ನಾವು ಸಾಮಾನ್ಯವಾಗಿ ನಮ್ಮನ್ನೇ ಕಡಿಮೆ ತೂಗುತ್ತೇವೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೊಸಬರಿಬ್ಬರನ್ನು ಮಾತಿಗೆ ಕೂರಿಸಿ, ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರು. ‘ಅವರಿಗೆ ನಾನು ಅಷ್ಟೇನೂ ಹಿಡಿಸಲಿಲ್ಲ ಅನ್ಸುತ್ತೆ’ ಅಂತ ಇವರು, ‘ಅವರಿಗೇ ನಾನು ಹಿಡಿಸಲಿಲ್ಲ’ ಅಂತ ಅವರು. ನಿಜದಲ್ಲಿ ಇಬ್ಬರಿಗೂ ಇನ್ನೊಬ್ಬರು ಅವರು ಅಂದುಕೊಂಡದ್ದಕ್ಕಿಂತ ಜಾಸ್ತಿ ಹಿಡಿಸಿದ್ದರು.

ಇನ್ನು ‘ನನಗೆ ಮಾತಾಡಲು ಬರುವುದಿಲ್ಲವೇ?’ ನಾಲ್ಕು ಜನ ಒಟ್ಟಿಗೆ ಮಾತಾಡುವ ಮನೆಯಲ್ಲಿ ಬೆಳೆದವರು ನೀವು, ಮಾತು ಬರದೆ ಏನು? ಮನೆಯಿಂದ ಮನೆಗೆ ಮಾತಿನ ವೇಗ ಬೇರೆ. ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ 1978ರಲ್ಲಿ ಸ್ನೇಹಿತರ ಹಬ್ಬದೂಟದ ಮಾತುಕತೆ ರೆಕಾರ್ಡ್ ಮಾಡಿ, ಸಾಲು ಸಾಲಾಗಿ ಬಿಡಿಸಿ ನೋಡಿದರು. ನ್ಯೂಯಾರ್ಕ್‌ನವರು ಮಾತಿನ ಮೇಲೆ ಮಾತು ಹಾಕುತ್ತಿದ್ದರು. ಅವರ ಪಾಲಿಗೆ ಅದು ಆಸಕ್ತಿ, ಪ್ರೀತಿ. ಉಳಿದವರು ಬಿಡುವಿಗೆ ಕಾಯುತ್ತಿದ್ದರು, ಬಿಡುವೇ ಸಿಗಲಿಲ್ಲ. ನಿಮ್ಮ ಜಗಲಿಯಲ್ಲೂ ಇದೇ ಆಗಿರಬಹುದು. ಮಾವನ ಮಾತು ಬರಲು ಐದು ಸೆಕೆಂಡ್ ಬೇಕು ಅಂದುಕೊಳ್ಳಿ. ನಿಮಗೆ ಎರಡಕ್ಕೇ ಉಸಿರು ಕಟ್ಟುತ್ತದೆ. ಮೂರನೆಯದಕ್ಕೆ ನೀವು ಏನೋ ಹೇಳುತ್ತೀರಿ. ಅವರು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತಾರೆ. ‘ಅಳಿಯಂದಿರು ಬಹಳ ಮಾತುಗಾರರು’ ಅಂತ ಅವರು, ‘ಮಾವ ಬಾಯೇ ಬಿಡಲ್ಲ’ ಅಂತ ನೀವು.

ಇದು ನನಗೂ ಆದದ್ದೇ. ಆಪ್ತಸಮಾಲೋಚನೆ ಕಲಿಯುವಾಗ ಒಬ್ಬ ಮಹಿಳೆ ನನ್ನ ಹತ್ತಿರ ಬರುತ್ತಿದ್ದರು. ‘ಅವರು ಏನೂ ಹೇಳಲ್ಲ, ನಾನೇ ಎಳೆಯಬೇಕು’ ಅಂತ ನನ್ನ ಗುರುಗಳ ಹತ್ತಿರ ದೂರಿದೆ. ಆ ಮಹಿಳೆಯ ಒಪ್ಪಿಗೆ ಪಡೆದು ಮಾಡಿದ್ದ ರೆಕಾರ್ಡಿಂಗ್ ಹಾಕು ಅಂದರು ಗುರುಗಳು. ಹಾಕಿದೆ. ನನ್ನ ಪ್ರಶ್ನೆ. ಮೌನ. ಆಮೇಲೆ ಆ ಮಹಿಳೆ ಉಸಿರು ಎಳೆದುಕೊಳ್ಳುವ ಸಣ್ಣ ಸದ್ದು. ಅದರ ಮೇಲೇ ನನ್ನ ಇನ್ನೊಂದು ಪ್ರಶ್ನೆ. ಮುಕ್ಕಾಲು ಗಂಟೆಯಲ್ಲಿ ಇದು ಮತ್ತೆ ಮತ್ತೆ ಬಂತು. ಗುರುಗಳು ಏನೂ ಅನ್ನಲಿಲ್ಲ, ಟೀ ತರಿಸಿದರು. ಶಾಲೆಯ ಮೇಷ್ಟ್ರುಗಳೂ ಇದನ್ನೇ ಮಾಡುತ್ತಾರೆ. 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳಲ್ಲಿ ಅಳೆದಾಗ, ಪ್ರಶ್ನೆ ಕೇಳಿದ ಮೇಷ್ಟ್ರು ಕಾಯುವುದು ಒಂದೇ ಸೆಕೆಂಡ್ ಅಂತ ಗೊತ್ತಾಯಿತು. ಮೂರು ಸೆಕೆಂಡ್ ಕಾಯಿರಿ ಅಂದರು. ಮಕ್ಕಳ ಉತ್ತರ ಉದ್ದವಾಯಿತು, ಹಿಂದಿನ ಬೆಂಚಿನವರೂ ಬಾಯಿ ಬಿಟ್ಟರು.

ಸರಿ, ಏನು ಮಾಡಬಹುದು? ದಾರಿ ಹಲವು ಇವೆ. ಯಾವುದೂ ಪುಕ್ಕಟೆ ಅಲ್ಲ.

ಮೊದಲನೆಯದು ನಿಮಗೆ ಹಿಡಿಸುವುದಿಲ್ಲ. ಮೌನವನ್ನು ಹಾಗೇ ಬಿಡುವುದು. ಬಾಕಿ ಇಲ್ಲದ ಮೌನಕ್ಕೆ ಇದೇ ಮದ್ದು. ಆದರೆ ಹೇಗೆ ಕೂರುತ್ತೀರಿ ಅನ್ನುವುದು ಮುಖ್ಯ. ಕುರ್ಚಿಯ ತುದಿಯಲ್ಲಿ, ಸಂದರ್ಶನಕ್ಕೆ ಬಂದವರ ಹಾಗೆ ಕೂತರೆ ‘ಇವರಿಗೆ ಇಲ್ಲಿ ಬೇಜಾರು’ ಅಂತ ಅವರು ಓದುತ್ತಾರೆ. ಎದುರುಬದುರು ಬೇಡ. ಇಬ್ಬರೂ ಅಂಗಳ ನೋಡುವ ಹಾಗೆ ಕೂತರೆ ಅರ್ಧ ಭಾರ ಇಳಿಯುತ್ತದೆ. ಅಂಗಳದಲ್ಲಿ ಬೆಕ್ಕೋ ಕರುವೋ ಏನೋ ಒಂದು ಬಂದೇ ಬರುತ್ತದೆ.

ಮೊಬೈಲ್ ತೆಗೆಯುವುದು ಎಲ್ಲರಿಗೂ ತೋಚುವ ಉಪಾಯ. ಒಂದು ನಿಮಿಷಕ್ಕೆ ನಿಮ್ಮ ಬೆವರು ನಿಲ್ಲುತ್ತದೆ. ಅವರಿಗೆ ಮಾತ್ರ ಬಾಗಿಲು ಹಾಕಿದ ಹಾಗೆ. ಅಲ್ಲಿ ಬೇಡ.

ಕೈಗೆ ಕೆಲಸ ಇರುವ ಕಡೆ ಮೌನ ಭಾರ ಅನ್ನಿಸುವುದಿಲ್ಲ. ಸಂಜೆ ಅವರು ತೋಟಕ್ಕೆ ಹೊರಟಾಗ ‘ನಾನೂ ಬರ್ಲಾ ಮಾವ?’ ಅನ್ನಿ. ನಡೆಯುವಾಗ ಮಾತು ನಿಂತರೂ ನಡಿಗೆ ಇರುತ್ತದೆ. ಮಳೆಗಾಲವಾದರೆ ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತದೆ, ಅದೂ ಒಂದು ಮಾತೇ. ಇಲ್ಲಿರುವ ತೊಂದರೆ: ‘ಅಳಿಯಂದಿರು ಕೆಸರು ತುಳಿಯೋದು ಬೇಡ’ ಅಂತ ಅತ್ತೆ ಅಡ್ಡ ಬರಬಹುದು. ಆಗ ಹಟ ಹಿಡಿದು ಕೆಲಸಕ್ಕೆ ಇಳಿದರೆ ಅವರಿಗೇ ಸಂಕೋಚ. ಸುಮ್ನೆ ನೋಡಿಕೊಂಡು ಬರ್ತೀನಿ ಅಂದರೆ ಸಾಕು.

ಪ್ರಶ್ನೆ ಕೇಳುವುದಾದರೆ ಅವರು ಈಗಷ್ಟೇ ಆಡಿದ ಮಾತಿನಿಂದಲೇ ಎತ್ತಿಕೊಳ್ಳಿ. ಹಾರ್ವರ್ಡ್‌ನ ಸಂಶೋಧಕರ 2017ರ ಅಧ್ಯಯನದಲ್ಲಿ, ಹೇಳಿದ್ದನ್ನೇ ಹಿಡಿದು ಮುಂದಕ್ಕೆ ಕೇಳುವವರು ಜನಕ್ಕೆ ಜಾಸ್ತಿ ಇಷ್ಟವಾದರು. ನಿಮ್ಮ ಪತ್ರದಲ್ಲಿ ಒಂದು ಕಡೆ ನನಗೆ ‘ಅಯ್ಯೋ’ ಅನ್ನಿಸಿತು. ‘ದಾರಿ ಹೆಂಗಿತ್ತು?’ ಅಂತ ಕೇಳಿದ್ದು ಅವರು. ಬಾಗಿಲು ತೆಗೆದದ್ದು ಅವರೇ. ‘ಚೆನ್ನಾಗಿತ್ತು ಮಾವ’ ಅಂತ ಹಾಕಿದ್ದು ನೀವು! ‘ಶಿವಮೊಗ್ಗ ದಾಟಿದ ಮೇಲೆ ಮಳೆ ಹಿಡೀತು ಮಾವ, ಆನಂದಪುರದ ಹತ್ತಿರ ಬಸ್ಸೇ ಮುಂದಕ್ಕೆ ಹೋಗ್ಲಿಲ್ಲ’ ಅಂದು ನೋಡಿ. ಆ ರಸ್ತೆಯಲ್ಲಿ ಅವರು ಎಷ್ಟು ಸಲ ಓಡಾಡಿಲ್ಲ! ಇದರಲ್ಲೂ ಅಪಾಯ ಇದೆ. ಒಂದರ ಹಿಂದೆ ಒಂದು ಕೇಳಿದರೆ ಮಾತುಕತೆ ಹೋಗಿ ವಿಚಾರಣೆ ಆಗುತ್ತದೆ. ಒಂದು ಕೇಳಿ, ಮನಸ್ಸಿನಲ್ಲಿ ಐದು ಎಣಿಸಿ.

ಕ್ವಿಂಟಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಳೆಗಾರರನ್ನು ‘ಎಷ್ಟು ಕ್ವಿಂಟಲ್’ ಅಂತ ಕೇಳುವುದು ನಿಮ್ಮನ್ನು ‘ಸಂಬಳ ಎಷ್ಟು’ ಅಂತ ಕೇಳಿದ ಹಾಗೆ. ಧಾರಣೆ ಕೇಳಿದರೆ ತೊಂದರೆಯಿಲ್ಲ, ಅದು ದಿನಾ ಪೇಪರಿನಲ್ಲಿ ಬರುತ್ತದೆ. ‘ರಾಶಿ ಅಡಿಕೆ ರೇಟ್ ಎಷ್ಟಾಗಿದೆ ಮಾವ?’ ಅನ್ನುವುದು ಅಲ್ಲಿ ಮಳೆ ಬಿಸಿಲಿನ ಮಾತು ಇದ್ದ ಹಾಗೆ. ಆದರೆ ಫಸಲು ಹೋದ ವರ್ಷ ಅದೂ ಬೇಡ.

ಆವತ್ತಿನ ತಪ್ಪನ್ನು ಸರಿಮಾಡಬೇಕೇ? ದೊಡ್ಡ ಕ್ಷಮೆ ಬೇಡ, ಅವರಿಗೆ ಅದು ಇನ್ನೊಂದು ಇರಿಸುಮುರಿಸು. ತೋಟದಲ್ಲಿ ಎಲೆ ನೋಡುವಾಗ ‘ಆವತ್ತು ನನಗೆ ಗೊತ್ತಿರ್ಲಿಲ್ಲ ಮಾವ’ ಅಂದರೆ ಆಯಿತು. ಅವರು ‘ಹೂಂ’ ಅಂದರೆ ಅಲ್ಲಿಗೆ ಬಿಡಿ. ರೋಗದ ಬಗ್ಗೆ ಹೇಳತೊಡಗಿದರೆ ಕೇಳಿಸಿಕೊಳ್ಳಿ. ಮೊಬೈಲಿನಲ್ಲಿ ಓದಿದ ಔಷಧಿ ಹೇಳಲು ಹೋಗಬೇಡಿ, ದಯವಿಟ್ಟು.

‘ನನಗೆ ಮಾತು ನಿಂತರೆ ಒಂಥರಾ ಆಗುತ್ತೆ’ ಅಂತ ನೇರವಾಗಿ ಹೇಳುವುದೂ ಒಂದು ದಾರಿ. ಸ್ನೇಹಿತರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಾವನ ಮನೆಯಲ್ಲಿ ಇದು ಅರ್ಧ ಗಂಟೆಯಲ್ಲಿ ಅಡುಗೆಮನೆ ತಲುಪಿ, ‘ಅಳಿಯಂದಿರಿಗೆ ಏನೋ ಬೇಜಾರಾಗಿದೆಯಂತೆ’ ಅಂತ ಹಿಂದಿರುಗುತ್ತದೆ. ನಾನಾದರೆ ಹೇಳುವುದಿಲ್ಲ. ಹೆಂಡತಿಯ ಹತ್ತಿರ ಹೇಳಿಕೊಳ್ಳಿ. ಆದರೆ ‘ನಿಮ್ಮಪ್ಪ ಯಾಕೆ ಮಾತಾಡಲ್ಲ?’ ಅಂತ ಬೇಡ. ‘ಅಪ್ಪ ಬೇರೆಯವರ ಜೊತೆ ಹೇಗಿರ್ತಾರೆ?’ ಅಂತ ಕೇಳಿ. ಎಲ್ಲರ ಜೊತೆಗೂ ಹೀಗೇ ಅಂದರೆ ‘ಮಾವನಿಗೆ ನಾನು ಇಷ್ಟವಿಲ್ಲವೇ?’ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು.

ಒಂದು ವೇಳೆ ಬೇರೆಯವರ ಜೊತೆ ಚೆನ್ನಾಗಿ ಮಾತಾಡುತ್ತಿದ್ದು, ನೀವು ಬಂದ ಕೂಡಲೇ ನಿಲ್ಲಿಸಿದರೆ, ಕೇಳಿದ್ದಕ್ಕೂ ಉತ್ತರ ಕೊಡದಿದ್ದರೆ, ಊಟಕ್ಕೆ ಜೊತೆಗೆ ಕೂರದಿದ್ದರೆ ಅದು ಮೌನ ಅಲ್ಲ, ಮುನಿಸು. ಮುನಿಸನ್ನು ಹವಾಮಾನದ ಮಾತಿನಿಂದ ಮುಚ್ಚಲಾಗದು, ಕಾರಣ ಕೇಳಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದು ನನಗೆ ಕಾಣಲಿಲ್ಲ.

ಹಾಗೇ ‘ಮತ್ತೆ?’ ಬಗ್ಗೆ ಒಂದು ಮಾತು. ಊರಿಗೆ ಫೋನ್ ಮಾಡಿದಾಗ ನೋಡಿ. ‘ಊಟ ಆಯ್ತಾ?’ ‘ಆಯ್ತು, ನಿಮ್ದು?’ ‘ಆಯ್ತು.’ ‘ಮತ್ತೆ?’ ‘ಮತ್ತೇನಿಲ್ಲ.’ ‘ಮಳೆ ಬಂತಾ?’ ‘ಇಲ್ಲ.’ ‘ಮತ್ತೆ?’ ಇದನ್ನು ಬರೆದಿಟ್ಟರೆ ಒಂದು ಸುದ್ದಿಯೂ ಇಲ್ಲ. ಆದರೂ ಇಬ್ಬರೂ ಸಮಾಧಾನದಿಂದ ಫೋನ್ ಇಡುತ್ತಾರೆ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇದನ್ನು ಗುರುತಿಸಿದ್ದರು. ಮಾತಿನ ಒಂದು ದೊಡ್ಡ ಪಾಲು ವಿಷಯ ತಿಳಿಸಲು ಇರುವುದಲ್ಲ, ನಂಟು ಉಳಿಸಿಕೊಳ್ಳಲು ಇರುವುದು. ಹಾಗಾಗಿ ಯಾರಾದರೂ ‘ಮತ್ತೆ?’ ಅಂದಾಗ ಹೊಸ ವಿಷಯ ಹುಡುಕಿ ಬೆವರಬೇಡಿ. ‘ಹಿಂಗೇ ನಡೀತಿದೆ’ ಸಾಕು. ಮುಗಿಸಬೇಕು ಅನ್ನಿಸಿದರೆ ‘ಸರಿ ಹಂಗಾದ್ರೆ’ ಇದೆ. ಅದನ್ನು ಹೇಳಲು ನಾಚಿಕೆ ಬೇಡ, ಬಹಳ ಸಲ ಎದುರಿನವರೂ ಅದಕ್ಕೇ ಕಾಯುತ್ತಿರುತ್ತಾರೆ.

ಮ್ಯಾನೇಜರ್ ಟೀ ಇದಕ್ಕಿಂತ ಸುಲಭ. ಅಲ್ಲಿ ಲೋಟವೇ ಗಡಿಯಾರ. ಟೀ ಮುಗಿದರೆ ಮಾತು ಮುಗಿದ ಹಾಗೆ. ಮೇಲಿನವರ ಎದುರು ಮೌನ ತುಂಬಲು ಹೋದಾಗ ನಮ್ಮ ಬಾಯಿಂದ ಬರುವುದು ಸಾಮಾನ್ಯವಾಗಿ ಎರಡೇ: ಹೊಗಳಿಕೆ, ಇಲ್ಲ ಇನ್ನೊಬ್ಬರ ಮೇಲಿನ ಚಾಡಿ. ಎರಡಕ್ಕಿಂತ ಸುಮ್ಮನೆ ಟೀ ಕುಡಿಯುವುದು ಲೇಸು. ವಿಡಿಯೊ ಕಾಲ್‌ನಲ್ಲಿ ಮಾತ್ರ ಮೌನಕ್ಕೆ ಅರ್ಥ ಹಚ್ಚಲೇಬೇಡಿ. ನೆಟ್‌ವರ್ಕ್ ಒಂದು ಸೆಕೆಂಡ್ ತಡವಾದರೂ ಎದುರಿನವರಿಗೆ ಗಮನ ಇಲ್ಲ ಅಂತ ನಮಗೆ ಅನ್ನಿಸುತ್ತದೆ. ಇದನ್ನೂ ಅಳೆದು ನೋಡಿದ್ದಾರೆ.

ಒಂದು ವಿಷಯ ನಿಮ್ಮನ್ನೇ ಕೇಳಿಕೊಳ್ಳಿ. ಈ ಭಯಕ್ಕೆ ಹೆದರಿ ತವರಿಗೆ ಹೋಗುವುದನ್ನು ಮುಂದೂಡುತ್ತಿದ್ದೀರಾ? ಟೀ ತಪ್ಪಿಸಲು ಬೇರೆ ಮೆಟ್ಟಿಲು ಹತ್ತುತ್ತೀರಾ? ಆಡಿದ ಮಾತನ್ನು ರಾತ್ರಿಯೆಲ್ಲ ಮಗುಚಿ ಹಾಕುತ್ತೀರಾ? ತಿಂಗಳುಗಟ್ಟಲೆ ಹೀಗೇ ಇದ್ದರೆ ಅದು ಬರೀ ಮುಜುಗರ ಅಲ್ಲ, ಸಾಮಾಜಿಕ ಆತಂಕ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಬಹಳ ಜನಕ್ಕೆ ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಧೈರ್ಯಕ್ಕೆ ಅಂತ ಒಂದು ಪೆಗ್ ಹಾಕಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಅದು ಮಾತ್ರ ಬೇಡ.

ಕೊನೆಗೆ ಆ ತಟ್ಟೆ. ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನೀವು ಹಾಕುವುದಿಲ್ಲ ಅಂತ ಗೊತ್ತಿದ್ದೂ ಎರಡು ವರ್ಷದಿಂದ ಪ್ರತಿ ಸಲ ನಿಮ್ಮ ಕಡೆ ತಳ್ಳುತ್ತಿದ್ದಾರೆ ಅಂದಿರಲ್ಲ, ಅದನ್ನು ನೀವು ಮಾತು ಅಂತ ಎಣಿಸಿಯೇ ಇಲ್ಲ. ಅವರನ್ನು ಮೆಚ್ಚಿಸಲು ಈಗ ಎಲೆ ಅಡಿಕೆ ಕಲಿಯಿರಿ ಅನ್ನುತ್ತಿಲ್ಲ. ಅಡಿಕೆಯಿಂದಲೇ ಬಾಯಿಯ ಕ್ಯಾನ್ಸರ್ ಬರುತ್ತದೆ ಅನ್ನುವುದು ವೈದ್ಯರಿಗೆ ಖಚಿತವಾಗಿ ಗೊತ್ತಿದೆ. ಮುಂದಿನ ಸಲ ತಟ್ಟೆ ನಿಮ್ಮ ಕಡೆ ಬಂದಾಗ ‘ಬೇಡ ಮಾವ’ ಅಂತ ವಾಪಸ್ ತಳ್ಳಬೇಡಿ. ಒಂದು ಎಲೆ ತೆಗೆದುಕೊಂಡು, ಒರೆಸಿ, ತೊಟ್ಟು ಮುರಿದು ಅವರಿಗೆ ಕೊಡಿ. ಸುಣ್ಣ ಅವರೇ ಸವರಿಕೊಳ್ಳಲಿ, ಅದರ ಹದ ನಿಮಗೆ ಗೊತ್ತಾಗುವುದಿಲ್ಲ. ಬಾಯಿ ತುಂಬ ಎಲೆ ಇರುವವರ ಹತ್ತಿರ ಹೇಗೂ ‘ಹೂಂ’ಗಿಂತ ಜಾಸ್ತಿ ಮಾತು ಹುಟ್ಟುವುದಿಲ್ಲ. ಅವರು ಎದ್ದು ಅಂಗಳದ ಅಂಚಿಗೆ ಉಗಿದು ಬರುವವರೆಗೆ ನಿಮಗೆ ರಜೆ.